ಸೌಂಡ್ ಬರಲಿಲ್ಲ ಅಂದರೆ ತಪ್ಪು ನಿಮ್ಮದಲ್ಲ

ಹೋದ ವರ್ಷ ಗಣೇಶನ ಹಬ್ಬಕ್ಕೆ ಇನ್ನು ಐದು ದಿನ ಇತ್ತು. ಅಕ್ಕನ ಮಗ ಫೋನ್ ಮಾಡಿದ. "ಮಾಮಾ, ಎಲ್ಲಾ ಹಾಕೀನಿ, ಆದ್ರ ಸೌಂಡ್ ಬರವಲ್ದು. ಇದು ನಮ್ಮಂಥವರಿಗೆ ಆಗೂ ಮಾತಲ್ಲ ಬಿಡು" ಅಂದ.

ಅವನು ಡಿಗ್ರಿ ಎರಡನೇ ವರ್ಷ. ಊರ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಾನೆ. ತಬಲಾ ಬಾರಿಸುತ್ತಿದ್ದವರು ಕೆಲಸ ಹುಡುಕಿ ಬೆಂಗಳೂರಿಗೆ ಹೋದರು, ಈಗ ಯುಗಾದಿಗೆ ಮಾತ್ರ ಬರುತ್ತಾರೆ. ಅದಕ್ಕೇ ಇವನು ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಸೋನಿಕ್ ಪೈ ಎಂಬ ಉಚಿತ ತಂತ್ರಾಂಶ ಇಳಿಸಿಕೊಂಡಿದ್ದ. ಅದರಲ್ಲಿ ಸಾಲು ಸಾಲಾಗಿ ಕೋಡ್ ಬರೆದರೆ ಅದು ನುಡಿಸುತ್ತದೆ. ನುಡಿಯುತ್ತಿರುವಾಗಲೇ ಸಾಲು ತಿದ್ದಿದರೆ ಹಾಡು ನಿಲ್ಲುವುದಿಲ್ಲ, ಮುಂದಿನ ಸುತ್ತಿನಿಂದ ಹೊಸದು ಶುರುವಾಗುತ್ತದೆ. ಇದಕ್ಕೆ ಲೈವ್ ಕೋಡಿಂಗ್ ಅನ್ನುತ್ತಾರೆ. ತಬಲಾದ ಬೋಲ್‌ಗಳ ಧ್ವನಿಗಳೂ ಅದರೊಳಗೇ ಇವೆ. ಎಂಟು ಮಾತ್ರೆಯ ಕೆಹರವಾ ಬರೆದುಕೊಂಡು, ಹಾಡುವವರ ಲಯ ಏರಿದಂತೆ ತಾನೂ ಏರಿಸುವುದು ಹುಡುಗನ ಆಸೆ.

ಆಸೆ ಚೆನ್ನಾಗಿತ್ತು. ಸೌಂಡ್ ಬರಲಿಲ್ಲ, ಅಷ್ಟೇ. ಸೌಂಡ್ ಬರದ್ದಕ್ಕಿಂತ ಹೆಚ್ಚು ನನಗೆ ಚುಚ್ಚಿದ್ದು ಅವನ "ನಮ್ಮಂಥವರಿಗೆ" ಅನ್ನುವ ಮಾತು. ಇವತ್ತು ಬರೆಯುತ್ತಿರುವುದು ಅದರ ಬಗ್ಗೆ.

ನಾನು ಕಂಪ್ಯೂಟರ್ ಓದಿದವನಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮಾಡಿ ಸುದ್ದಿ ಕಳಿಸುವವನು. ಆದರೆ ನಮಗೆ ಕಲಿಸಿದ ಮೊದಲ ಪಾಠವೇ ಇಲ್ಲಿ ಕೆಲಸಕ್ಕೆ ಬಂತು. ಏನಾಯಿತು, ಎಲ್ಲಿ, ಯಾವಾಗ, ಯಾಕೆ? "ಸೌಂಡ್ ಬರವಲ್ದು" ಅನ್ನುವುದು ಸುದ್ದಿ ಆಗುವುದಿಲ್ಲ. ಅದು "ಊರಾಗ ಗಲಾಟೆ ಆಗೈತಂತ" ಅಂದ ಹಾಗೆ. ವಿವರ ಬೇಕು.

ಸಂಜೆ ಹೋಗಿ ಅವನ ಜತೆ ಕೂತೆ. ಬ್ರೌಸರಿನಲ್ಲಿ ಒಂದು ವಿಡಿಯೊ ಹಾಕಿಸಿದೆ. ಸೌಂಡ್ ಬಂತು. ಅಂದರೆ ಸ್ಪೀಕರ್ ಸರಿ ಇದೆ, ಸೌಂಡ್ ಕಾರ್ಡೂ ಸರಿ ಇದೆ. ತೊಂದರೆ ನಡುವೆ ಎಲ್ಲೋ ಇದೆ.

ಬೋರ್‌ವೆಲ್ ನೀರು ಹೊಲಕ್ಕೆ ಬರದಿದ್ದರೆ ಯಾವ ರೈತನೂ ಮೊದಲೇ ಹೊಸ ಬೋರ್ ಹೊಡೆಸುವುದಿಲ್ಲ. ಕರೆಂಟ್ ಇದೆಯಾ, ಫ್ಯೂಸ್ ಹೋಗಿದೆಯಾ, ಸ್ಟಾರ್ಟರ್ ಹಿಡಿಯುತ್ತಿದೆಯಾ, ಪೈಪ್ ಒಡೆದಿದೆಯಾ ಅಂತ ಒಂದೊಂದೇ ನೋಡುತ್ತಾನೆ. ಕಂಪ್ಯೂಟರ್ ಸೌಂಡೂ ಹಾಗೇ ಒಂದು ಸಾಲು. ನಾವು ಬರೆಯುವುದು ಸೋನಿಕ್ ಪೈಯಲ್ಲಿ. ಧ್ವನಿ ಹುಟ್ಟಿಸುವುದು ಅದರೊಳಗಿನ ಸೂಪರ್‌ಕೊಲೈಡರ್. ಅವನ ಲ್ಯಾಪ್‌ಟಾಪಿನಲ್ಲಿ ಆ ಧ್ವನಿಯನ್ನು ಸಾಗಿಸುವುದು ಜ್ಯಾಕ್ ಎಂಬ ಇನ್ನೊಂದು ತಂತ್ರಾಂಶ. ಅದರ ಕೆಳಗೆ ಅಲ್ಸಾ ಎಂಬ ಲಿನಕ್ಸಿನ ಪದರ, ಕೊನೆಗೆ ಸೌಂಡ್ ಕಾರ್ಡ್. ಯಾವ ಕೊಂಡಿ ಬಿಟ್ಟರೂ ನಮಗೆ ಕಾಣುವುದು ಒಂದೇ: ಸೌಂಡ್ ಇಲ್ಲ.

ಈ ಒಂದೊಂದನ್ನೂ ಕಟ್ಟಿದವರು ಬೇರೆ ಬೇರೆ ಜನ. ಸೂಪರ್‌ಕೊಲೈಡರನ್ನು ಜೇಮ್ಸ್ ಮೆಕಾರ್ಟ್ನಿ 1996ರಲ್ಲಿ ಹೊರತಂದರು, 2002ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಟ್ಟುಕೊಟ್ಟರು. ಜ್ಯಾಕ್ ಶುರು ಮಾಡಿದವರು ಪಾಲ್ ಡೇವಿಸ್. ಸೋನಿಕ್ ಪೈ ಕಟ್ಟಿದವರು ಸ್ಯಾಮ್ ಆರನ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಇದ್ದಾಗ, ಶಾಲೆಯ ಮಕ್ಕಳಿಗೆ ಸಂಗೀತದ ಮೂಲಕ ಕೋಡಿಂಗ್ ಕಲಿಸಲಿಕ್ಕೆ. ಇವರ್ಯಾರೂ ನಮ್ಮ ಲ್ಯಾಪ್‌ಟಾಪ್ ನೋಡಿದವರಲ್ಲ. ಕೊಂಡಿ ಕೂಡಿಸುವ ಕೆಲಸ ನಮ್ಮ ಪಾಲಿಗೇ ಬರುತ್ತದೆ. ಇಲ್ಲಿ ಕಸ್ಟಮರ್ ಕೇರ್ ನಂಬರ್ ಇಲ್ಲ.

"ಪರದೆ ಮ್ಯಾಲೆ ಏನಂತ ಬರದೈತಿ, ಓದು" ಅಂದೆ. "ಇಂಗ್ಲಿಷ್‌ನ್ಯಾಗ ಏನೇನೋ ಐತಿ ಮಾಮಾ, ಅದನ್ನ ಮುಚ್ಚಿಬಿಟ್ಟೆ" ಅಂದ. ನಮ್ಮಲ್ಲಿ ಬಹಳ ಜನ ಮಾಡುವುದು ಇದೇ. ಕೆಂಪು ಅಕ್ಷರ ಕಂಡರೆ ಬೈಗುಳ ಅಂದುಕೊಂಡು ಮುಚ್ಚಿಬಿಡುತ್ತೇವೆ. ಅದು ಬೈಗುಳ ಅಲ್ಲ, ವಿಳಾಸ.

ಸೋನಿಕ್ ಪೈ ತಾನು ಮಾಡಿದ್ದನ್ನೆಲ್ಲ ಲಾಗ್ ಫೈಲುಗಳಲ್ಲಿ ಬರೆದಿಡುತ್ತದೆ. ಬಳಕೆದಾರನ ಹೋಮ್ ಫೋಲ್ಡರಿನಲ್ಲಿ ಅಡಗಿದ ಒಂದು ಫೋಲ್ಡರಿನೊಳಗೆ ಅವು ಇರುತ್ತವೆ. ತೆರೆದು ನೋಡಿದೆವು. ಜ್ಯಾಕ್ ಸರ್ವರ್ ಓಡುತ್ತಿಲ್ಲ, ಶುರು ಮಾಡಲಿಕ್ಕೂ ಆಗುತ್ತಿಲ್ಲ ಎಂಬ ಅರ್ಥದ ಸಾಲು ಇತ್ತು. ಫ್ಯೂಸ್ ಸಿಕ್ಕಿತು.

ಯಾಕೆ ಶುರುವಾಗುತ್ತಿಲ್ಲ? ಆ ಲ್ಯಾಪ್‌ಟಾಪಿನಲ್ಲಿ ಸೌಂಡ್ ಕಾರ್ಡ್ ಎರಡು. ಒಂದು, ಟಿವಿಗೆ ತಂತಿ ಹಾಕುವ ಎಚ್‌ಡಿಎಂಐ ಕಿಂಡಿಯದ್ದು. ಇನ್ನೊಂದು, ಲ್ಯಾಪ್‌ಟಾಪಿನ ಸ್ವಂತ ಸ್ಪೀಕರಿನದ್ದು. ಲಿನಕ್ಸ್ ಎಣಿಕೆಯಲ್ಲಿ ಎಚ್‌ಡಿಎಂಐಗೆ 0 ನಂಬರ್, ಸ್ಪೀಕರಿಗೆ 1. ಜ್ಯಾಕ್ ಮೊದಲ ನಂಬರಿನ ಬಾಗಿಲು ತಟ್ಟಿ, ಯಾರೂ ಇಲ್ಲ ಅಂತ ವಾಪಸ್ ಬರುತ್ತಿತ್ತು. ಕ್ಯೂಜ್ಯಾಕ್‌ಕಂಟ್ರೋಲ್ ಎಂಬ ಸಣ್ಣ ತಂತ್ರಾಂಶದ ಸೆಟಪ್‌ನಲ್ಲಿ ಎರಡನೇ ಕಾರ್ಡ್ ಆರಿಸಿ, ಜ್ಯಾಕ್ ಶುರು ಮಾಡಿ, ಆಮೇಲೆ ಸೋನಿಕ್ ಪೈ ತೆರೆದೆವು. ತಬಲಾ ನುಡಿಯಿತು. ಅಕ್ಕ ಒಲೆ ಮುಂದಿನಿಂದ ಎದ್ದು ಬಂದು ನೋಡಿದಳು.

ಮರುದಿನ ಇನ್ನೊಂದು ತೊಂದರೆ. ಸೌಂಡ್ ಬರುತ್ತಿತ್ತು, ಆದರೆ ನಡುನಡುವೆ ಚಟಪಟ ಅಂತ ಒಡೆಯುತ್ತಿತ್ತು. ಇದಕ್ಕೆ ಎರಡು ಕಾರಣ ನೋಡಬೇಕು.

ಒಂದು, ಅನುಮತಿ. ಸೌಂಡಿನ ಕೆಲಸ ಸಮಯಕ್ಕೆ ಸರಿಯಾಗಿ ಆಗಬೇಕು, ಬೇರೆ ಕೆಲಸಗಳ ಹಿಂದೆ ಸರದಿಯಲ್ಲಿ ನಿಲ್ಲಬಾರದು. ಜ್ಯಾಕ್‌ಗೆ ಆ ಆದ್ಯತೆ ಸಿಗಬೇಕಾದರೆ ಡೆಬಿಯನ್, ಉಬುಂಟು ಥರದ ಲಿನಕ್ಸ್‌ಗಳಲ್ಲಿ ನಮ್ಮ ಹೆಸರು 'ಆಡಿಯೊ' ಗುಂಪಿನಲ್ಲಿ ಇರಬೇಕು. ಸೇರಿಸಿದೆವು. ಆದರೂ ಸರಿಹೋಗಲಿಲ್ಲ. ಅರ್ಧ ತಾಸು ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಗುಂಪಿಗೆ ಸೇರಿಸಿದರೆ ಸಾಲದು, ಲಾಗ್ ಔಟ್ ಆಗಿ ಮತ್ತೆ ಲಾಗಿನ್ ಆಗಬೇಕು. ಅಲ್ಲಿಯವರೆಗೆ ಅದು ಜಾರಿಗೆ ಬರುವುದಿಲ್ಲ.

ಎರಡು, ಬಫರ್. ನಳದ ನೀರು ಬಿಟ್ಟು ಬಿಟ್ಟು ಬರುವ ಊರಲ್ಲಿ ಟಾಕಿ ಸಣ್ಣದಿದ್ದರೆ ನೀರು ನಡುವೆ ನಿಲ್ಲುತ್ತದೆ, ದೊಡ್ಡದಿದ್ದರೆ ನಿಲ್ಲುವುದಿಲ್ಲ. ಬಫರ್ ಅಂದರೆ ಸೌಂಡಿನ ಟಾಕಿ. ಸೆಕೆಂಡಿಗೆ 48,000 ಮಾದರಿಗಳ ವೇಗದಲ್ಲಿ 128 ಮಾದರಿಯ ಬಫರ್ ತುಂಬಲು 3 ಮಿಲಿಸೆಕೆಂಡೂ ಬೇಡ. 1024 ಇಟ್ಟರೆ ಸುಮಾರು 21 ಮಿಲಿಸೆಕೆಂಡ್. ದೊಡ್ಡದಿಟ್ಟರೆ ಸೌಂಡ್ ಸ್ವಲ್ಪ ತಡ, ಆದರೆ ಒಡೆಯುವುದಿಲ್ಲ. ಹುಡುಗ ಎಲ್ಲೋ ನೋಡಿ 128 ಇಟ್ಟಿದ್ದ. ಗಿಟಾರನ್ನೋ ಮೈಕನ್ನೋ ಕಂಪ್ಯೂಟರ್ ಮೂಲಕವೇ ನುಡಿಸುವವರಿಗೆ ಆ ಸಲಹೆ ಸರಿ. ಇವನ ಹಾರ್ಮೋನಿಯಂ ಕಂಪ್ಯೂಟರಿನೊಳಗೆ ಹೋಗುವುದೇ ಇಲ್ಲ. ಇವನಿಗೆ ಆ ತಡದಿಂದ ಏನೂ ನಷ್ಟವಿಲ್ಲ. 1024 ಇಟ್ಟೆವು, ಚಟಪಟ ನಿಂತಿತು.

ಈಗ ಕೆಲವರು ಕೇಳುತ್ತೀರಿ: ಇಷ್ಟೆಲ್ಲ ಯಾಕೆ, ಮೊಬೈಲಿನಲ್ಲಿ ತಬಲಾ ಆ್ಯಪ್ ಇಲ್ಲವಾ? ಇದೆ. ಭಜನೆ ನಡೆಸಲಿಕ್ಕೆ ಅದೂ ಸಾಕು. ಅವಸರ ಇದ್ದವರು ಅದನ್ನೇ ಬಳಸಲಿ, ಅದರಲ್ಲಿ ತಪ್ಪೇನಿಲ್ಲ. ನಮಗೆ ಮೂರು ಸಂಜೆ ಹೋಯಿತು ಅನ್ನುವುದೂ ಸುಳ್ಳಲ್ಲ. ಆದರೆ ಆ್ಯಪ್ ಮಾಡಿದವರು ಇಟ್ಟಷ್ಟೇ ಗುಂಡಿ ನಮಗೆ ಸಿಗುತ್ತದೆ. ಇಲ್ಲಿ ನಮ್ಮ ಮಂಡಳಿಯ ಅಜ್ಜ ಪಲ್ಲವಿ ಮುಗಿಸಿ ಉಸಿರು ತಗೊಳ್ಳುವ ಜಾಗಕ್ಕೆ ಎರಡು ಮಾತ್ರೆ ಹೆಚ್ಚು ಕೂಡಿಸಬಹುದು. ಹುಡುಗ ಕೂಡಿಸಿದ.

ನನ್ನ ಅಭಿಪ್ರಾಯ ಇಷ್ಟು. ಈ ತಂತ್ರಾಂಶಗಳು ದುಡ್ಡಿಲ್ಲದೆ ಸಿಗುತ್ತವೆ. ಆದರೆ ಕೆಟ್ಟಾಗ ಸರಿಮಾಡುವ ತಿಳಿವಳಿಕೆ ಹೆಚ್ಚುಕಡಿಮೆ ಎಲ್ಲಾ ಇಂಗ್ಲಿಷಿನಲ್ಲಿ ಇದೆ. ಅದೂ ಬೇರೆ ಬೇರೆ ವರ್ಷದ್ದು ಕಲಸಿಹೋಗಿದೆ. ಜ್ಯಾಕ್ ಕಾಲದ ಉತ್ತರ ಒಂದು ಥರ. ಈಗ ಪೈಪ್‌ವೈರ್ ಬಂದಿದೆ. 2021ರಲ್ಲಿ ಫೆಡೊರಾ 34 ಅದನ್ನೇ ಸೌಂಡಿಗೆ ಮುಖ್ಯವಾಗಿ ಇಟ್ಟುಕೊಂಡಿತು, ಆಮೇಲೆ ಬೇರೆಯವೂ ಅದೇ ದಾರಿ ಹಿಡಿದವು. ಹಳೆಯ ಉತ್ತರ ಹೊಸ ಯಂತ್ರಕ್ಕೆ ಹಾಕಿದರೆ ಸರಿ ಇದ್ದದ್ದೂ ಕೆಡಬಹುದು. ಇಂಗ್ಲಿಷ್ ಬಾರದ ಹುಡುಗನಿಗೆ ಇದು ತಿಳಿಯುವುದಿಲ್ಲ. ಅವನು ತನಗೇ ತಲೆ ಇಲ್ಲ ಅಂದುಕೊಂಡು ಎದ್ದುಹೋಗುತ್ತಾನೆ. ನಾವು ಕಳೆದುಕೊಳ್ಳುವುದು ಆ ಹುಡುಗನನ್ನು.

ಲ್ಯಾಪ್‌ಟಾಪ್ ಹಂಚುವವರು, ಕಂಪ್ಯೂಟರ್ ತರಗತಿ ನಡೆಸುವವರು ಒಂದು ದಿನವಾದರೂ ಇದನ್ನು ಕಲಿಸಬೇಕು: ಕೆಟ್ಟದ್ದನ್ನು ಹುಡುಕುವುದು ಹೇಗೆ. ಟೈಪಿಂಗ್ ಆಮೇಲೆ ಬರುತ್ತದೆ. ಇದಕ್ಕೆ ದೊಡ್ಡ ಪುಸ್ತಕ ಬೇಡ. ಪರದೆಯ ಸಂದೇಶ ಮುಚ್ಚುವ ಮೊದಲು ಫೋನಿನಲ್ಲಿ ಫೋಟೊ ತೆಗೆಯಿರಿ. ಯಾವುದು ಕೆಲಸ ಮಾಡುತ್ತಿದೆ ಅಂತ ಮೊದಲು ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಉತ್ತರ ಸಿಕ್ಕರೆ ಅದು ಯಾವ ವರ್ಷದ್ದು, ಯಾವ ಆವೃತ್ತಿಗೆ ಅಂತ ನೋಡಿ.

ಮತ್ತೆ, ಸರಿಯಾದ ಮೇಲೆ ಬರೆದಿಡಿ. ಕನ್ನಡದಲ್ಲಿ ಬರೆಯಿರಿ, ನಾಲ್ಕೇ ಸಾಲು ಸಾಕು. ಯಂತ್ರ ಯಾವುದು, ಏನು ಕೆಟ್ಟಿತ್ತು, ಏನು ಮಾಡಿದಿರಿ, ಯಾವ ತಾರೀಖು. ಅಕ್ಕನ ಮಗ ತನ್ನ ಭಜನೆ ವಹಿಯ ಕೊನೆ ಪುಟದಲ್ಲಿ ಬರೆದಿಟ್ಟಿದ್ದಾನೆ. ಈ ಲೇಖನದ ಅರ್ಧ ಅದನ್ನು ನೋಡಿಯೇ ಬರೆದದ್ದು.

ಹೋದ ತಿಂಗಳು ಪಕ್ಕದ ಊರಿನ ಹುಡುಗಿಯೊಬ್ಬಳು ಇದೇ ತೊಂದರೆ ಹೇಳಿಕೊಂಡು ಅವನಿಗೆ ಫೋನ್ ಮಾಡಿದ್ದಳು. ನಾನು ಅಲ್ಲೇ ಕೂತಿದ್ದೆ. ಅವನು ವಹಿ ತೆಗೆದು ಕೇಳಿದ: "ಪರದೆ ಮ್ಯಾಲೆ ಏನಂತ ಬರದೈತಿ, ಮೊದಲು ಅದನ್ನ ಓದವ್ವಾ."