ಸಂಪ್ ಯಾರ ಮನೆ ಕೆಳಗೆ?

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಆಫೀಸಿನ ಕೆಲಸ ಅಂತ ಸುಳ್ಳು ಹೇಳಬಹುದು, ನಿಜ ಏನಂದರೆ ಸೋಮಾರಿತನ. ಇವತ್ತು ಬರೆಯೋಕೆ ಕೂತಿರೋದು ಸಿಟ್ಟಿಗೆ.

ವಾರಕ್ಕೆ ಎರಡೇ ದಿನ ಆಫೀಸಿಗೆ ಬಂದರೆ ಸಾಕು ಅಂದಮೇಲೆ ನಾನು ಹೆಚ್ಚು ಕಮ್ಮಿ ಊರಲ್ಲೇ ಇದ್ದೇನೆ. ಊರು ವಿದುರಾಶ್ವತ್ಥ. ಗೌರಿಬಿದನೂರಿನಿಂದ ಹಿಂದೂಪುರದ ಕಡೆ ಹೋಗುವಾಗ ಸಿಗುತ್ತೆ. ನಾಗರಕಲ್ಲುಗಳು, 1938ರ ಏಪ್ರಿಲ್ 25ರ ಗೋಲಿಬಾರ್, ಪಕ್ಕದಲ್ಲಿ ಹೆಸರಿಗೆ ಹರಿಯುವ ಉತ್ತರ ಪಿನಾಕಿನಿ. ಸಮುದ್ರ ಮಾತ್ರ ಯಾವ ದಿಕ್ಕಿಗೆ ಹೋದರೂ ನೂರಾರು ಕಿಲೋಮೀಟರ್ ದೂರ. ಅಂಥ ಊರಿನ ಮನೆಯ ಹಾಲ್‌ನಲ್ಲಿ ನಾನು 150 ಲೀಟರಿನ ಉಪ್ಪುನೀರಿನ ರೀಫ್ ಟ್ಯಾಂಕ್ ಇಟ್ಟಿದ್ದೇನೆ. ಎರಡು ಕ್ಲೌನ್ ಮೀನು, ಒಂದಷ್ಟು ಮಶ್ರೂಮ್, ಜೊಯಾಂಥಿಡ್. (ಕಲ್ಲುಹವಳ ಇಲ್ಲ. ಅವು ನಮ್ಮ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ, ಹುಲಿಯ ಜೊತೆ. ಯಾರಾದರೂ ರಾಮೇಶ್ವರದಿಂದ ತಂದುಕೊಡ್ತೀನಿ ಅಂದರೆ ದಯವಿಟ್ಟು ಓಡಿ.)

ಇಂಜಿನಿಯರ್ ಬುದ್ಧಿ ಎಲ್ಲಿ ಹೋಗುತ್ತೆ? ಮೀನು ತರೋಕೆ ಮುಂಚೆ ಒಂದು ತಿಂಗಳು ಬರೀ ಪೈಪಿನ ನಕ್ಷೆ ಬರೆದೆ. ಮೇಲಿನ ಟ್ಯಾಂಕಿನಿಂದ ಉಕ್ಕುವ ನೀರು ತಾನಾಗಿ ಕೆಳಗಿನ ಸಂಪಿಗೆ ಇಳಿಯಬೇಕು, ಅಲ್ಲಿ ಸ್ಕಿಮ್ಮರ್ ಅದರ ಕೊಳೆಯನ್ನ ನೊರೆ ಮಾಡಿ ತೆಗೀಬೇಕು, ಆಮೇಲೆ ಪಂಪು ಅದನ್ನ ಮೇಲಕ್ಕೆ ಕಳಿಸಬೇಕು. ಇಳಿಯೋಕೆ ಎರಡು ಪೈಪು. ಒಂದು ತುಂಬಿ ಹರಿಯೋದು, ಇನ್ನೊಂದು ಅದು ಕಟ್ಟಿಕೊಂಡರೆ ಇರಲಿ ಅಂತ. ಒಂದು 90 ಡಿಗ್ರಿ ಎಲ್ಬೋ ಬದಲು ಎರಡು 45, ಪಂಪಿನ ಪಕ್ಕ ಯೂನಿಯನ್.

ನಮ್ಮ ಕಡೆ ಕರೆಂಟು ಗೊತ್ತಲ್ಲ. ಕರೆಂಟು ಹೋದರೆ ಮೇಲಕ್ಕೆ ಕಳಿಸುವ ಪೈಪೇ ನೀರನ್ನ ವಾಪಸ್ ಎಳೆದುಕೊಳ್ಳುತ್ತೆ, ಬಾಯಿ ನೀರಿನಿಂದ ಹೊರಗೆ ಕಾಣುವ ತನಕ. ಚೆಕ್ ವಾಲ್ವ್ ಹಾಕಿದರೆ ಆಯ್ತಲ್ಲ ಅಂತೀರಿ. ಉಪ್ಪು ಕೂತು ಅದು ಯಾವತ್ತು ಕೈ ಕೊಡುತ್ತೋ ದೇವರಿಗೇ ಗೊತ್ತು. ಸಂಪಿನಲ್ಲಿ ಅಷ್ಟು ನೀರಿಗೆ ಜಾಗ ಖಾಲಿ ಬಿಡಬೇಕು, ಅಷ್ಟೇ. ನಮ್ಮೂರ ಬೋರ್ ಫಿಟ್ಟರ್ ಪ್ರೀತಿಯಿಂದ ಗನ್‌ಮೆಟಲ್ ವಾಲ್ವ್ ತಂದಿದ್ದರು, "ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರ್ತದೆ ಸಾರ್" ಅಂತ. ಅದರಲ್ಲಿ ತಾಮ್ರ ಇದೆ, ಹವಳಕ್ಕೆ, ಸೀಗಡಿಗೆ ವಿಷ. ವಾಪಸ್ ಕೊಟ್ಟಿದ್ದಕ್ಕೆ ಎರಡು ದಿನ ಬೇಜಾರು ಮಾಡಿಕೊಂಡಿದ್ದರು.

ಎಲ್ಲ ನೀಟಾಗಿ ಮುಗೀತು. ಬಂದವರೆಲ್ಲ "ಎಷ್ಟು ಚೆನ್ನಾಗಿದೆ" ಅಂದರು. ಚಿಕ್ಕಪ್ಪ ಮಾತ್ರ ಹಿಂದೆ ಬಗ್ಗಿ, ಗೋಡೆ ಪಕ್ಕ ಬಚ್ಚಲಿಗೆ ಹೋಗುತ್ತಿದ್ದ ಕಡ್ಡಿಯಷ್ಟು ಸಣ್ಣ ಪೈಪು ತೋರಿಸಿ ಕೇಳಿದರು: "ಇದೇನಪ್ಪಾ?"

ಅದು ಆರ್‌ಓ ಫಿಲ್ಟರಿನ ರಿಜೆಕ್ಟ್. ಬೋರಿನ ನೀರಿಗೆ ಉಪ್ಪು ಬೆರೆಸಿದರೆ ಸಮುದ್ರ ಆಗಲ್ಲ, ಮೊದಲು ಆರ್‌ಓ ಮಾಡಬೇಕು. ನನ್ನ ಫಿಲ್ಟರ್ ಒಂದು ಲೀಟರ್ ಕೊಟ್ಟು ಮೂರು ಲೀಟರ್ ಚೆಲ್ಲುತ್ತೆ. ಆವಿಯಾಗೋದು ದಿನಕ್ಕೆ 3 ಲೀಟರ್, ವಾರಕ್ಕೊಮ್ಮೆ ಬದಲಾಯಿಸೋದು 15. ಅಂದರೆ ವಾರಕ್ಕೆ 36 ಲೀಟರ್ ಬೇಕು, 108 ಲೀಟರ್ ಬಚ್ಚಲಿಗೆ. ಒಂದು ತಿಂಗಳು ಬರೆದ ನಕ್ಷೆಯಲ್ಲಿ ಆ ಪೈಪು ಇರಲೇ ಇಲ್ಲ ಸ್ವಾಮೀ! ನಾಚಿಕೆ ಆಯ್ತು. ಮರುದಿನವೇ ಡ್ರಮ್ ತಂದಿಟ್ಟೆ. ಈಗ ಆ ನೀರು ಕಕ್ಕಸಿಗೆ, ನೆಲ ಒರೆಸೋಕೆ.

ಇದನ್ನ ಬೆಂಗಳೂರಿನ ಗೆಳೆಯನಿಗೆ ಹೇಳಿದರೆ, "ಬರಪೀಡಿತ ಜಿಲ್ಲೆಯಲ್ಲಿ ನಿಂಗೆ ಸಮುದ್ರದ ಶೋಕಿ ಯಾಕೆ ಗುರು?" ಅಂತ ಬೋಧನೆ ಮಾಡಿದ. ನನ್ನ ಸಿಟ್ಟು ಇದಕ್ಕೆ. ಶೋಕಿ ಒಪ್ಪಿಕೊಳ್ತೀನಿ. ಆದರೆ ನನ್ನ 108 ಲೀಟರ್ ಕಾಣೋ ಕಣ್ಣಿಗೆ ಅವನ ಬಚ್ಚಲು ಎಲ್ಲಿಗೆ ಹೋಗುತ್ತೆ ಅನ್ನೋದು ಯಾಕೆ ಕಾಣಲ್ಲ?

ನಾನು ಹೇಳ್ತೀನಿ ಕೇಳಿ. ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನ ಪಂಪು ಮಾಡಿ ಬೆಂಗಳೂರಿಗೆ ಏರಿಸ್ತಾರೆ. ಬಳಸಿ ಬಿಟ್ಟ ನೀರನ್ನ ಮತ್ತೆ ಪಂಪು ಮಾಡಿ, ಕೆ.ಸಿ. ವ್ಯಾಲಿ ಹೆಸರಲ್ಲಿ ಕೋಲಾರದ ಕಡೆ, ಎಚ್.ಎನ್. ವ್ಯಾಲಿ ಹೆಸರಲ್ಲಿ ಚಿಕ್ಕಬಳ್ಳಾಪುರದ ಕಡೆ ಕೆರೆಗಳಿಗೆ ಬಿಡ್ತಾರೆ. ಮೊದಲನೆಯದು ದಿನಕ್ಕೆ 440 ದಶಲಕ್ಷ ಲೀಟರಿನ ಯೋಜನೆ, ಎರಡನೆಯದು 210. ಅಂದರೆ ಬೆಂಗಳೂರು ಮೇಲಿನ ಗಾಜಿನ ಟ್ಯಾಂಕು, ಲೈಟು ಹಾಕಿ ನೋಡೋದು. ನಾವು ಸಂಪ್, ಬಾಗಿಲು ಮುಚ್ಚಿಡೋದು.

ಸಂಪ್ ಆಗೋದಕ್ಕೆ ನನ್ನ ತಕರಾರಿಲ್ಲ. ಬೋರಲ್ಲಿ ನೀರು ಮೇಲಕ್ಕೆ ಬಂದಿದೆ ಅಂತ ಕೋಲಾರದ ರೈತರೇ ಹೇಳ್ತಾರೆ, ಅದು ಸುಳ್ಳಲ್ಲ. ಒಣಗಿದ ಕೆರೆಯಲ್ಲಿ ನೀರು ನೋಡಿದ ಚಿಕ್ಕಪ್ಪನ ಮುಖ ನಾನೂ ನೋಡಿದ್ದೇನೆ. ಆದರೆ ಸಂಪಿನಲ್ಲಿ ಸ್ಕಿಮ್ಮರ್ ಎಲ್ಲಿ? ಯೋಜನೆ ಹೊರಟಿದ್ದೇ ಎರಡು ಹಂತದ ಶುದ್ಧೀಕರಣದಿಂದ. ಎರಡನೇ ಹಂತ ಮುಗಿದ ನೀರಲ್ಲಿ ನೈಟ್ರೇಟು, ಫಾಸ್ಫೇಟು ಸಾಕಷ್ಟು ಉಳಿಯುತ್ತೆ. 2018ರ ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆ ನೊರೆ ಉಕ್ಕಿಸಿತು. ಮೂರನೇ ಹಂತ ಬೇಕು ಅಂತ ಇಲ್ಲಿನ ಹೋರಾಟಗಾರರು ಕೋರ್ಟಿಗೂ ಹೋದರು. "ದುಬಾರಿ" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ನನ್ನ ಹಾಲ್‌ನ ಎರಡು ಮೀನಿಗೋಸ್ಕರ ಫಾಸ್ಫೇಟು 0.1 ದಾಟಿದರೆ ನಾನು ರಾತ್ರಿ ನಿದ್ದೆಗೆಡ್ತೀನಿ. ಪಾಚಿ ಬಂದರೆ ತಪ್ಪು ಸಾಕಿದವನದು ಅನ್ನೋದು ಈ ಹವ್ಯಾಸದ ಮೊದಲ ಪಾಠ. ಕೆರೆ ಹಸಿರಾದರೆ ಮಾತ್ರ ತಪ್ಪು ಯಾರದೂ ಅಲ್ಲ.

ನಮ್ಮವರನ್ನೂ ಬಿಡಲ್ಲ. ನಮ್ಮ ಕಡೆಯ ಒಂದು ಊರು, ಹೆಸರು ಬೇಡ. ಶುದ್ಧ ಕುಡಿಯುವ ನೀರಿನ ಘಟಕ ಇದೆ, ಐದು ರೂಪಾಯಿಗೆ 20 ಲೀಟರ್. ಒಳಗೆ ಹೋಗಿ ನೋಡಿದೆ, ಸ್ಟೀಲು ಪೈಪು ಫಳಫಳ, ನನ್ನದಕ್ಕಿಂತ ನೀಟು. ಹಿಂದೆ ಹೋದರೆ ರಿಜೆಕ್ಟ್ ಪೈಪು ಗೋಡೆಯಿಂದ ಹೊರಗೆ ಬಂದು ಅಲ್ಲೇ ಗುಂಡಿಗೆ. ಎರಡು ಎಮ್ಮೆ ಕುಡೀತಾ ನಿಂತಿದ್ದವು.

ಲೆಕ್ಕ ಸುಲಭ. ಬೋರಿನ ನೀರಲ್ಲಿ ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇದೆ ಅಂದುಕೊಳ್ಳಿ. ಅರ್ಧ ಕ್ಯಾನಿಗೆ, ಅರ್ಧ ಗುಂಡಿಗೆ ಹೋದರೆ ಗುಂಡಿಯದ್ದರಲ್ಲಿ ಹತ್ತಿರ ಹತ್ತಿರ 4. ಕುಡಿಯೋ ನೀರಿಗೆ ಬಿಐಎಸ್ ಹೇಳೋ ಮಿತಿ 1, ಬೇರೆ ಗತಿಯೇ ಇಲ್ಲದಿದ್ದರೆ 1.5. ಫಿಲ್ಟರ್ ಫ್ಲೋರೈಡನ್ನ ಸುಟ್ಟು ಬೂದಿ ಮಾಡಲ್ಲ, ಜಾಗ ಬದಲಾಯಿಸುತ್ತೆ ಅಷ್ಟೇ. ಮನುಷ್ಯರ ಹಲ್ಲು ಉಳಿಸಿ ಎಮ್ಮೆ ಹಲ್ಲಿಗೆ ಕಳಿಸಿದಂಗೆ. ಎಮ್ಮೆಗೂ ಮೂಳೆ ಇದೆ ಸ್ವಾಮೀ.

ಸುಮ್ಮನೆ ಬೈಯೋದು ಬೇಡ ಅಂತ ಒಂದು ಹಾಳೆಯಲ್ಲಿ ನಕ್ಷೆ ಬರೆದುಕೊಂಡು ಹೋದೆ. ಗುಂಡಿಗೆ ಬೇಲಿ, ಒಂದು ಸಿಂಟೆಕ್ಸ್, ಅಲ್ಲಿಂದ ಪಕ್ಕದ ಶಾಲೆಯ ಕಕ್ಕಸಿಗೆ ಒಂದಿಂಚಿನ ಪೈಪು. ನಲವತ್ತು ಮೀಟರ್ ಕೂಡ ಇಲ್ಲ. ಸಂಬಂಧಪಟ್ಟವರು ಹಾಳೆಯನ್ನ ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ, ಆದ್ರೆ ವೇಸ್ಟ್ ನೀರಿಗೆ ಅಂತ ಬೇರೆ ಬಿಲ್ ಆಗಲ್ಲ" ಅಂದರು. ಕಾಫಿ ಕೊಟ್ಟರು.

ಹಾಳೆ ಅವರ ಮೇಜಿನ ಗಾಜಿನ ಕೆಳಗಿದೆ, ಮುಂದಿನ ಸೋಮವಾರ ಮತ್ತೆ ಹೋಗ್ತೀನಿ. ಈಗ ಡ್ರಮ್ಮಿಗೆ ಎರಡನೇ ನಲ್ಲಿ ಕೂರಿಸಬೇಕು, ಅಂಗಳ ತೊಳೆಯೋಕೆ ಬೇಕು ಅಂತ ಅಮ್ಮ ಬೆಳಗಿಂದ ಕೂಗ್ತಿದ್ದಾರೆ.