ಘೋಷಣೆ ಕೂಗಿದ ಗಂಟಲು

ಆಗಸ್ಟ್ 15 ಹತ್ತಿರ ಬಂತೆಂದರೆ ಶಾಲೆಯಲ್ಲಿ ನನಗೊಂದು ಖಾಯಂ ಕೆಲಸ, ಪ್ರಭಾತ್‌ಫೇರಿಗೆ ಮಕ್ಕಳಿಗೆ ಘೋಷಣೆ ಕಲಿಸುವುದು. ಸಮಾಜ ವಿಜ್ಞಾನದ ಟೀಚರ್ ಎಂದ ಮೇಲೆ ಅದು ನನ್ನ ಪಾಲಿಗೇ ಬರಬೇಕಲ್ಲ! ಒಬ್ಬರು “ಸ್ವರಾಜ್ಯ” ಎಂದರೆ ಇಡೀ ಸಾಲು “ನನ್ನ ಜನ್ಮಸಿದ್ಧ ಹಕ್ಕು” ಎನ್ನಬೇಕು. ಯಾರ ಗಂಟಲು ಗಟ್ಟಿಯೋ ಅವರು ಮುಂದೆ. ಬಸ್‌ಸ್ಟ್ಯಾಂಡ್ ಸುತ್ತಿ ಬಂದು, ಭಾಷಣ ಕೇಳಿ, ಬೂಂದಿಲಾಡು ತಿಂದು ಮನೆಗೆ ಹೋದರೆ ಮುಂದಿನ ವರ್ಷದವರೆಗೆ ಘೋಷಣೆಗಳಿಗೆ ರಜೆ.

ಕೆಲವು ವರ್ಷಗಳ ಹಿಂದೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಮುಂದೆ ನಿಂತಿದ್ದಳು. ಏನು ಕಂಠ ಅಂತೀರಿ! ಅಂಗಡಿಯವರೆಲ್ಲ ಎದ್ದು ಬಂದು ನೋಡಿದರು. ಅದೇ ಹುಡುಗಿ ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತಳು. ಪರೀಕ್ಷೆ ಮುಗಿಯುತ್ತಲೇ ಮದುವೆ ಎಂದು ಮನೆಯಲ್ಲಿ ನಿಶ್ಚಯವಾಗಿತ್ತಂತೆ. “ಟೀಚರ್, ನಾನು ಕಾಲೇಜಿಗೆ ಹೋಗ್ಬೇಕು. ನಮ್ಮಪ್ಪನಿಗೆ ನೀವೊಂದು ಮಾತು ಹೇಳ್ತೀರಾ?” ಬಸ್‌ಸ್ಟ್ಯಾಂಡಿಗೆಲ್ಲ ಕೇಳಿಸಿದ ಆ ಗಂಟಲು ಅಂದು ನನಗೊಬ್ಬಳಿಗೆ ಮಾತ್ರ ಕೇಳಿಸುವಷ್ಟಿತ್ತು.

ನಾನೇನು ಹೇಳಿದೆ ಗೊತ್ತೇ? “ಹಿರಿಯರು ನಿನ್ನ ಒಳ್ಳೇದಕ್ಕೇ ಮಾಡ್ತಾರಮ್ಮ. ಮೊದಲು ಪರೀಕ್ಷೆ ಚೆನ್ನಾಗಿ ಬರಿ.” ನನ್ನ ಬೆನ್ನ ಹಿಂದಿನ ಗೋಡೆಯಲ್ಲೇ ಮಕ್ಕಳ ಸಹಾಯವಾಣಿ 1098ರ ಭಿತ್ತಿಪತ್ರವಿತ್ತು. ಹೆಣ್ಣಿಗೆ 18 ತುಂಬದೆ ಮದುವೆ ಮಾಡುವುದು 2006ರ ಕಾಯ್ದೆಯಂತೆ ಅಪರಾಧ, 2016ರ ಕರ್ನಾಟಕ ತಿದ್ದುಪಡಿಯಂತೆ ಅಂಥ ಮದುವೆಯೇ ಅಸಿಂಧು ಎಂದು ತರಗತಿಯಲ್ಲಿ ಹೇಳುವವಳೂ ನಾನೇ. ಆದರೂ ಊರವರ ಮನೆ ವಿಷಯ ನಮಗೇಕೆ ಎಂದು ಸುಮ್ಮನಾದೆ. ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಹುಡುಗಿ ಗಂಡನ ಮನೆಯಲ್ಲಿದ್ದಳು.

ಈಗ ಯಾರಾದರೂ “ಈ ಕಾಲದ ಮಕ್ಕಳಿಗೆ ದೇಶಭಕ್ತಿಯೇ ಇಲ್ಲ, ಮೊಬೈಲ್ ಒಂದಿದ್ದರೆ ಸಾಕು, ಘೋಷಣೆಗಳ ಅರ್ಥವೇ ತಿಳಿಯದು” ಎಂದು ಗೊಣಗಿದರೆ ನನಗೆ ಸಿಟ್ಟು ಬರುತ್ತದೆ. ಅರ್ಥ ಕಳೆದವರು ಮಕ್ಕಳಲ್ಲ, ನಾವು. ಕೂಗಲು ಕಲಿಸಿದೆವು, ಕೂಗಿದ್ದನ್ನು ನಂಬಿ ಬಂದವಳನ್ನು ಬಾಗಿಲಿಂದಲೇ ಹಿಂದೆ ಕಳಿಸಿದೆವು.

ಲೋಕಮಾನ್ಯ ಟಿಳಕರು 1916ರ ಏಪ್ರಿಲ್‌ನಲ್ಲಿ ನಮ್ಮ ಬೆಳಗಾವಿಯಲ್ಲೇ ಹೋಂ ರೂಲ್ ಲೀಗ್ ಕಟ್ಟಿದರು. ಆ ಚಳವಳಿಯ ದಿನಗಳಲ್ಲಿ ಊರೂರಿಗೆ ಹಬ್ಬಿದ ಮಾತು ಇದು. ಇದರಲ್ಲಿ ದೊಡ್ಡ ಪದ ಯಾವುದು ಎಂದು ಕೇಳಿದರೆ ಮಕ್ಕಳು ‘ಸ್ವರಾಜ್ಯ’ ಎನ್ನುತ್ತಾರೆ. ನನಗೆ ‘ಜನ್ಮಸಿದ್ಧ’ ಎಂಬುದೇ ದೊಡ್ಡದು. ಯಾರೋ ಮನಸ್ಸು ಮಾಡಿ ಕೊಡುವುದಲ್ಲ, ಹುಟ್ಟಿನೊಂದಿಗೇ ಬಂದದ್ದು. ಹುಟ್ಟುವವರಲ್ಲಿ ಹೆಣ್ಣುಮಕ್ಕಳೂ ಇದ್ದಾರಲ್ಲವೇ?

“ಅದು ದೇಶದ ಮಾತು, ಮನೆಯೊಳಗೆ ಏಕೆ ತರುತ್ತೀರಿ?” ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಈ ವಾದ ಹೊಸದೇನಲ್ಲ. ಗಂಡನೊಡನೆ ಸಂಸಾರ ಮಾಡಲು ಹುಡುಗಿಗೆ ಇರಬೇಕಾದ ಕನಿಷ್ಠ ವಯಸ್ಸನ್ನು 10ರಿಂದ 12ಕ್ಕೆ ಏರಿಸುವ ಕಾನೂನು 1891ರಲ್ಲಿ ಬಂತು. ಬರೀ 12, ನೆನಪಿರಲಿ! ನಮ್ಮ ಆಚಾರದಲ್ಲಿ ಪರಕೀಯ ಸರ್ಕಾರ ಕೈಹಾಕಬಾರದೆಂದು ಅದನ್ನು ವಿರೋಧಿಸಿದವರಲ್ಲಿ ಟಿಳಕರೂ ಇದ್ದರು. ದೇಶಕ್ಕಾಗಿ ಮಾಂಡಲೆಯ ಸೆರೆಮನೆಯಲ್ಲಿ ವರ್ಷಗಟ್ಟಲೆ ಕಳೆದ ಅವರಿಗೆ ನಾನು ಕೈಮುಗಿಯುತ್ತೇನೆ. ಆದರೆ ಅವರ ಮಾತು ಅವರಿಗಿಂತ ದೊಡ್ಡದು. ಬಾಯಿಂದ ಹೊರಬಿದ್ದ ಘೋಷಣೆ ಕೂಗುವವರ ಸ್ವತ್ತು. ಹದಿನೈದರ ಹುಡುಗಿ ಕೂಗಿದರೆ ಅದು ಅವಳದ್ದೇ.

ಇನ್ನು ಶಿಕಾರಿಪುರ ತಾಲ್ಲೂಕಿನ ಈಸೂರು. “ಏಸೂರು ಕೊಟ್ಟರೂ ಈಸೂರು ಕೊಡೆವು” ಎಂಬುದನ್ನು ನಮ್ಮ ಮಕ್ಕಳು ಎರಡು ಅಂಕಕ್ಕೆ ಬಾಯಿಪಾಠ ಮಾಡುತ್ತಾರೆ. 1942ರಲ್ಲಿ ಆ ಹಳ್ಳಿಯವರು ತಮ್ಮದು ಸ್ವತಂತ್ರ ಊರೆಂದು ಸಾರಿದಾಗ ಅಮಲ್ದಾರನ ಪಟ್ಟ ಕೊಟ್ಟದ್ದು ಜಯಣ್ಣನೆಂಬ ಹುಡುಗನಿಗೆ, ಸಬ್‌ಇನ್ಸ್‌ಪೆಕ್ಟರ್ ಪಟ್ಟ ಮಲ್ಲಪ್ಪನೆಂಬ ಇನ್ನೊಬ್ಬ ಹುಡುಗನಿಗೆ. ಮುಂದೆ ನಡೆದ ಘರ್ಷಣೆಯ ನಂತರ ಊರಿನ ಹೆಂಗಸರೂ ಸೆರೆಮನೆ ಕಂಡರು. 1943ರ ಮಾರ್ಚ್‌ನಲ್ಲಿ ಐವರು ಗಲ್ಲಿಗೇರಿದರು. ಕೂಗಿದ ಮಾತಿಗೆ ಅವರು ಬೆಲೆ ತೆತ್ತರು. ಒಂದು ಹಳ್ಳಿ ತನ್ನ ಹುಡುಗರನ್ನು ನಂಬಿ ಅಮಲ್ದಾರಿಕೆ ಕೊಟ್ಟಿತು. ನಾವು ನಮ್ಮ ಹುಡುಗಿಯನ್ನು ನಂಬಿ ಕಾಲೇಜಿನ ಅರ್ಜಿ ಫಾರಂ ಕೊಡುವುದಿಲ್ಲ!

ಘೋಷಣೆ ಎಂದರೆ ಇನ್ನೊಬ್ಬರ ದೇಶಭಕ್ತಿ ಅಳೆಯುವ ಸೇರು-ಪಾವಲ್ಲ. ಅದು ಮೊದಲು ಹೇಳಿದವರ ತಲೆಯ ಮೇಲೆಯೇ ಹೊರೆ ಇಡುತ್ತದೆ. 1942ರಲ್ಲಿ ಗಾಂಧೀಜಿ “ಮಾಡು ಇಲ್ಲವೇ ಮಡಿ” ಎಂದಾಗ ಆ ಮಾತು ಅವರಿಗೂ ಅನ್ವಯಿಸುತ್ತಿತ್ತು. ಮರುದಿನ ಬೆಳಗಾಗುವುದರೊಳಗೆ ಅವರ ಬಂಧನವಾಯಿತು. ನಮಗೆ ಯಾರೂ ಮಡಿಯಲು ಹೇಳುತ್ತಿಲ್ಲ. ಒಂದು ಮನೆಯ ಬಾಗಿಲು ತಟ್ಟುವುದು, ಒಂದು ಫೋನ್ ಮಾಡುವುದು, ಅಷ್ಟೇ. ಅದಕ್ಕೂ ನನಗೆ ಅಂದು ಧೈರ್ಯ ಬರಲಿಲ್ಲ.

ಕಳೆದ ವರ್ಷ ಇಂಥದೇ ಇನ್ನೊಬ್ಬಳು ಬಂದಳು. ಈ ಸಲ ಮುಖ್ಯೋಪಾಧ್ಯಾಯಿನಿಯವರನ್ನೂ ಕರೆದುಕೊಂಡು ಅವಳ ಮನೆಗೆ ಹೋದೆ. ಒಳಗೆ ಬನ್ನಿ ಎನ್ನಲಿಲ್ಲ, ಕಾಫಿಯ ಮಾತಂತೂ ದೂರವೇ ಉಳಿಯಿತು. “ನಿಮ್ಮ ಮನೆ ಮಕ್ಕಳನ್ನು ನೋಡ್ಕೊಳ್ಳಿ ಮೇಡಂ” ಎಂದರು. ಇದೂ ನಮ್ಮ ಮನೆಯ ಮಗುವೇ ಎಂದೆ, ಕಾನೂನನ್ನೂ ಹೇಳಿದೆ. ಮೂರು ಸಲ ಹೋಗಬೇಕಾಯಿತು. ಮೂರನೆಯ ಸಲ ಬಾಗಿಲ ಹಿಂದಿದ್ದ ಅವಳ ತಾಯಿ ಹೊರಗೆ ಬಂದು, “ಅವಳು ಓದ್ಲಿ ಬಿಡ್ರಿ” ಎಂದು ಗಂಡನಿಗೆ ಹೇಳಿದರು. ಅಷ್ಟು ಹೇಳಲು ಆ ತಾಯಿಗೆ ಎಷ್ಟು ವರ್ಷ ಹಿಡಿದಿತ್ತೋ! ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ.

ಅಮ್ಮಂದಿರೇ, ನಿಮ್ಮನ್ನು ಕೇಳುವುದು ಇಷ್ಟೇ. ಮೆರವಣಿಗೆಯಲ್ಲಿ ಒಬ್ಬಳು “ಸ್ವರಾಜ್ಯ” ಎಂದಾಗ ಸಾಲು ಸುಮ್ಮನಿದ್ದರೆ ಅದು ಘೋಷಣೆಯಾಗುವುದಿಲ್ಲ, ಒಂಟಿ ಕೂಗಾಗುತ್ತದೆ. ನಿಮ್ಮ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಾಗ ಉಳಿದರ್ಧ ಹೇಳಬೇಕಾದವರು ನೀವು.