ಹಾರ್ಮೋನಿನ ಸಂಕೇತವೂ ಭ್ರೂಣಮಾದರಿಯ ಕಾನೂನೂ

ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಭ್ರೂಣವು ಗರ್ಭಕೋಶದ ಸಂಪರ್ಕವೇ ಇಲ್ಲದೆ ಗರ್ಭಧಾರಣೆಯ ಹಾರ್ಮೋನನ್ನು ಸ್ರವಿಸಬಲ್ಲದು ಎಂಬುದನ್ನು ಸೈಮನ್ ಫಿಶೆಲ್, ರಾಬರ್ಟ್ ಎಡ್ವರ್ಡ್ಸ್ ಮತ್ತು ಸಂಗಡಿಗರು 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. 2023ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೇಕಬ್ ಹನ್ನಾ ಅವರ ತಂಡವು ಅಂಡಾಣು, ವೀರ್ಯಾಣುಗಳೆರಡೂ ಇಲ್ಲದೆ, ಕಾಂಡಕೋಶಗಳಿಂದಲೇ ರೂಪಿಸಿದ ಭ್ರೂಣಮಾದರಿಯು ಅದೇ ಹಾರ್ಮೋನನ್ನು ಸ್ರವಿಸಿ, ಗರ್ಭಪರೀಕ್ಷೆಯ ಫಲಿತಾಂಶವನ್ನು ಪಾಸಿಟಿವ್ ಆಗಿಸಿತು. ಈ ಫಲಿತಾಂಶವು ಏನನ್ನು ಸಾಬೀತುಪಡಿಸುತ್ತದೆ, ಏನನ್ನು ಸಾಬೀತುಪಡಿಸುವುದಿಲ್ಲ ಎಂಬುದರ ಸ್ಪಷ್ಟ ತಿಳಿವಳಿಕೆ ಇಲ್ಲದೆ ಈ ಸಂಶೋಧನೆಗೆ ಸರಿಯಾದ ನಿಯಮ ರೂಪಿಸಲಾಗದು.

ನಿಷೇಚನದ ಐದಾರು ದಿನಗಳಲ್ಲಿ ಭ್ರೂಣವು ಒಳಗೆ ದ್ರವ ತುಂಬಿದ ಗೋಳವಾಗುತ್ತದೆ. ಇದನ್ನು ಬ್ಲಾಸ್ಟೊಸಿಸ್ಟ್ ಎನ್ನುತ್ತಾರೆ. ಅದರ ಒಳಗಿನ ಕೋಶಗಳ ಗುಂಪಿನಿಂದ ಶಿಶುವಿನ ದೇಹವೂ, ಟ್ರೋಫೋಬ್ಲಾಸ್ಟ್ ಎಂಬ ಹೊರಪದರದಿಂದ ಜರಾಯುವಿನ ಮುಖ್ಯ ಭಾಗವೂ ರೂಪುಗೊಳ್ಳುತ್ತವೆ. ಮೇಲೆ ಹೇಳಿದ, ಎಚ್‌ಸಿಜಿ ಎಂಬ ಗರ್ಭಧಾರಣೆಯ ಹಾರ್ಮೋನ್ ಹುಟ್ಟುವುದು ಈ ಹೊರಪದರದಲ್ಲಿ. ಅಂಡಾಣು ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಉಳಿಯುವ ಕಾರ್ಪಸ್ ಲೂಟಿಯಮ್ ಎಂಬ ಗ್ರಂಥಿಯು ಸುಮಾರು ಎರಡು ವಾರಗಳಲ್ಲಿ ಕುಗ್ಗಬೇಕು. ಎಚ್‌ಸಿಜಿ ಅದನ್ನು ತಡೆದು, ಗರ್ಭಕೋಶದ ಒಳಪದರವನ್ನು ಕಾಯುವ ಪ್ರೊಜೆಸ್ಟರಾನ್ ಉತ್ಪಾದನೆ ನಿಲ್ಲದಂತೆ ನೋಡಿಕೊಳ್ಳುವುದರಿಂದಲೇ ಮುಟ್ಟು ನಿಲ್ಲುತ್ತದೆ, ಗರ್ಭ ಉಳಿಯುತ್ತದೆ.

ಆದ್ದರಿಂದ ಎಚ್‌ಸಿಜಿ ಕಾಣಿಸಿಕೊಂಡಿತೆಂದರೆ ಜರಾಯು ರೂಪಿಸುವ ಕೋಶಗಳು ಕೆಲಸ ಆರಂಭಿಸಿವೆ ಎಂದರ್ಥವೇ ಹೊರತು ಶಿಶು ಬೆಳೆಯುತ್ತಿದೆ ಎಂದಲ್ಲ. ಭ್ರೂಣವೇ ಇಲ್ಲದೆ ಜರಾಯುವಿನ ಅಂಗಾಂಶವಷ್ಟೇ ಗುಳ್ಳೆಗಳಾಗಿ ಊದಿಕೊಳ್ಳುವ ಪೂರ್ಣ ಮೋಲಾರ್ ಗರ್ಭದಲ್ಲಿ ಇದೇ ಹಾರ್ಮೋನಿನ ಮಟ್ಟ ವಿಪರೀತ ಏರುವುದು ಇದಕ್ಕೆ ನಿದರ್ಶನ. ಗರ್ಭ ಕಟ್ಟದಿರುವ, ಆರಂಭದಲ್ಲೇ ಗರ್ಭ ಕಳೆದುಕೊಳ್ಳುವ ಮಹಿಳೆಯರ ನೋವಿಗೆ ಕಾರಣ ಹುಡುಕಲು ಭ್ರೂಣಮಾದರಿಗಳ ಅಧ್ಯಯನಗಳು ಅಗತ್ಯವಾಗಿರುವುದರಿಂದ, ಪಾಸಿಟಿವ್ ಫಲಿತಾಂಶಕ್ಕೆ ಬೆದರಿ ಅವನ್ನು ನಿಲ್ಲಿಸುವುದು ಸರಿಯಲ್ಲ.

ಹಾಗೆಂದು ಕಡಿವಾಣವೇ ಬೇಡವೆನ್ನಲಾಗದು. ಬ್ರಿಟನ್ನಿನ ವಾರ್ನಾಕ್ ಸಮಿತಿಯು ಪ್ರಯೋಗಾಲಯದಲ್ಲಿ ಭ್ರೂಣವನ್ನು ಬೆಳೆಸಲು 1984ರಲ್ಲಿ ಸೂಚಿಸಿದ 14 ದಿನಗಳ ಮಿತಿಯು, ದೇಹದ ಅಕ್ಷವನ್ನು ಗುರುತಿಸುವ ಆದಿರೇಖೆ ಮೂಡುವ ಕಾಲವನ್ನು ಆಧರಿಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಇದೇ ಮಿತಿಯನ್ನು ಒಪ್ಪಿದೆ. ಆದರೆ ಮಾರ್ಗಸೂಚಿಗೆ ಶಾಸನದ ಬಲವಿಲ್ಲ. ಸಂತಾನೋತ್ಪತ್ತಿಗೆ ನೆರವಾಗುವ ತಂತ್ರಜ್ಞಾನಗಳನ್ನು ನಿಯಂತ್ರಿಸುವ 2021ರ ಕಾಯ್ದೆಯಾದರೋ ಭ್ರೂಣವನ್ನು ನಿಷೇಚನದ ಆಧಾರದ ಮೇಲೆಯೇ ವ್ಯಾಖ್ಯಾನಿಸುತ್ತದೆ. ನಿಷೇಚನವೇ ನಡೆಯದ ಭ್ರೂಣಮಾದರಿಯು ಈ ವ್ಯಾಖ್ಯಾನದೊಳಗೆ ಬರುವುದಿಲ್ಲ, ಅದರ ವಯಸ್ಸನ್ನು ಎಣಿಸಲು ಮೊದಲ ದಿನವೂ ಸಿಗುವುದಿಲ್ಲ.

ಈ ಕೊರತೆಯನ್ನು ಸಂಸತ್ತು ತುಂಬಬೇಕು. ಹಾರ್ಮೋನ್ ಸ್ರವಿಸುತ್ತದೆಯೇ ಎಂಬುದನ್ನಲ್ಲ, ದೇಹದ ರಚನೆಯು ಎಲ್ಲಿಯವರೆಗೆ ಮುಂದುವರಿದಿದೆ ಎಂಬುದನ್ನು ಕಾನೂನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಯಾವುದೇ ಭ್ರೂಣಮಾದರಿಯನ್ನು ಗರ್ಭಕೋಶಕ್ಕೆ ಸೇರಿಸುವುದನ್ನು ಸ್ಪಷ್ಟವಾಗಿ ನಿಷೇಧಿಸಬೇಕು.